ಹಲಸಲ್ಲದ ಹಳದಿ

ವೀಣೆ ಟೀಚರ ಎಡಗೈಯ ತೋರುಬೆರಳು ಮತ್ತು ನಡುಬೆರಳ ತುದಿಯಲ್ಲಿ ಒಂದೊಂದು ಕಪ್ಪು ಗೀರಿತ್ತು. ತಂತಿ ಉಜ್ಜಿ ಉಜ್ಜಿ, ಎಣ್ಣೆ ಕುಡಿದು, ಚರ್ಮ ಅಲ್ಲಿ ಸಣ್ಣ ಕಾಲುವೆಯಾಗಿ ಹೋಗಿತ್ತು. ಆ ಎರಡು ಬೆರಳು ಸವರದ ವಸ್ತು ಅವರ ಮನೆಯೊಳಗೆ ಬರುತ್ತಿರಲಿಲ್ಲ. ಕೆಳಗಿನ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯವನು ತಂದ ಟೊಮೆಟೊ, ದರ್ಜಿ ಹೊಲಿದ ರವಿಕೆಯ ಅಂಚು, ಹೊಸ ಬಕೆಟ್ಟಿನ ಹಿಡಿಕೆ, ಎಲ್ಲವನ್ನೂ ಸವರಿ, ಮೂಸಿ, ಕಿಟಕಿಯ ಬೆಳಕಿಗೆ ಹಿಡಿದು "ಹೂಂ, ನೋಡೋಣ" ಎನ್ನುವರು. ನೋಡೋಣ ಎಂದರೆ ನಂಬಿಲ್ಲ ಎಂದು ನಾವು ತಿಳಿದುಕೊಳ್ಳಬೇಕು.

ಮೈಸೂರಿನವರು. ಬಹರೈನಿನ ಹೂರಾದಲ್ಲಿ ಮೂರನೆಯ ಮಹಡಿಯ ಫ್ಲ್ಯಾಟು. ಅವರ ಯಜಮಾನರಿಗೆ ಬ್ಯಾಂಕಿನಲ್ಲಿ ಆಡಿಟ್ ಕೆಲಸ. ಊರಿನ ಲೆಕ್ಕದ ಮೇಲೆಲ್ಲ ಅನುಮಾನಪಟ್ಟು ಸಂಬಳ ತೆಗೆದುಕೊಳ್ಳುವ ಆ ಮನುಷ್ಯ ಮನೆಯಲ್ಲಿ ಮಾತ್ರ ಬಂದವರನ್ನೆಲ್ಲ ನಂಬಿ ಚಹಾ ಕೊಡಿಸುವರು. ಹೆಂಡತಿ ಬಾಗಿಲ ಸರಪಳಿ ತೆಗೆಯದೆ, ಆ ಸಂದಿಯಿಂದಲೇ ನಳ ರಿಪೇರಿಯವನನ್ನು "ಪಹಲೇ ಸಿಪಿಆರ್ ದಿಖಾವ್" ಎಂದು ನಿಲ್ಲಿಸುವರು. ಸಿಪಿಆರ್ ಎಂದರೆ ಇಲ್ಲಿ ನಮ್ಮೆಲ್ಲರ ಜೇಬಿನಲ್ಲಿರುವ ಗುರುತಿನ ಚೀಟಿ. ನನ್ನದನ್ನೂ ಅವರು ನೋಡಿದ್ದಾರೆ. ಮಗಳನ್ನು ಪಾಠಕ್ಕೆ ಸೇರಿಸಲು ಹೋದ ದಿನ ಫೋಟೋ ನೋಡಿ, ನನ್ನ ಮುಖ ನೋಡಿ, "ಮೀಸೆ ಯಾವಾಗ ತೆಗೆದ್ರಿ?" ಎಂದು ಕೇಳಿದ್ದರು.

ನಾವು ಹಮದ್ ಟೌನಿನಲ್ಲಿದ್ದೆವು. ಶುಕ್ರವಾರ ಬೆಳಿಗ್ಗೆ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೂರಾಕ್ಕೆ ಬರುವುದು, ಪಾಠ ಮುಗಿಯುವವರೆಗೆ ಮೂಲೆಯ ಕುರ್ಚಿಯಲ್ಲಿ ಕೂರುವುದು ನನ್ನ ರೂಢಿ. ನಾನು ಕುಂದಾಪುರದ ಕಡೆಯ ಬಡಗಿ ಮನೆಯವನು. ಅಜ್ಜ ಮದ್ದಳೆಗೆ ಹಲಸಿನ ಮರ ಕೊರೆಯುತ್ತಿದ್ದವರು. ಹಲಸಿನ ಚಕ್ಕೆಯ ರಾಶಿಯ ಮೇಲೆ ಉರುಳಾಡಿ, ಅವರ ಮಾತು ಕೇಳಿ ಬೆಳೆದವನು ನಾನು. ಬಹರೈನಿಗೆ ಬಂದ ಮೇಲೆ ಸಿತ್ರಾದ ಒಂದು ವರ್ಕ್‌ಶಾಪಿನಲ್ಲಿ ಫೋರ್‌ಮನ್. ಇದು ತಿಳಿದ ಮೇಲೆ ಟೀಚರು ನನ್ನನ್ನು "ಆಚಾರ್ರೇ" ಎಂದು ಕರೆಯತೊಡಗಿದರು. ಹಾಗೆ ಕರೆದ ಮಾತ್ರಕ್ಕೆ ನಂಬಿದರೆಂದಲ್ಲ.

ಒಂದು ಶುಕ್ರವಾರ ನೋಡಿದರೆ ಪಾಠ ಹಳೆಯ ಸಣ್ಣ ವೀಣೆಯಲ್ಲಿ ನಡೆಯುತ್ತಿತ್ತು. ದೊಡ್ಡದು ಬಟ್ಟೆ ಹೊದ್ದು ಮಲಗಿತ್ತು. ಅದು ಅವರ ತಾಯಿಯ ವೀಣೆ. ಅದರ ಕುದುರೆ ಸೀಳಿತ್ತು. ಕುದುರೆ ಎಂದರೆ ವೀಣೆಯ ಕೊಡದ ಮೇಲೆ ತಂತಿಗಳನ್ನೆಲ್ಲ ಹೊತ್ತು ನಿಲ್ಲುವ ಮರದ ಪುಟ್ಟ ಪೀಠ. ನೆತ್ತಿಯ ಮೇಲೊಂದು ಕಂಚಿನ ತಗಡು. ಗೋಂದು ಮೊಳೆ ಏನೂ ಇಲ್ಲ, ತಂತಿಯ ಬಿಗಿತವೇ ಅದನ್ನು ಹಿಡಿದಿಡುತ್ತದೆ. ಹೊರಗಿನ ಕಡಲಗಾಳಿ, ಒಳಗಿನ ಏಸಿ, ಎರಡರ ನಡುವೆ ಮರ ಸೋತಿತ್ತು. ಊರಿನಿಂದ ಹೊಸ ಕುದುರೆ ತರಿಸಿದ್ದರಂತೆ, ಹಲಸಿನದ್ದೇ ಎಂದು ಅಂಗಡಿಯವನು ಆಣೆ ಮಾಡಿದ್ದನಂತೆ.

"ಆಣೆ ಮಾಡಿದಾಗಲೇ ನಂಗೆ ಡೌಟ್ ಬಂತು" ಎಂದರು ಟೀಚರು. ಸೊಂಟದಿಂದ ಬಿಳಿ ಕರ್ಚೀಫು ತೆಗೆದು ತೋರಿಸಿದರು. "ಒದ್ದೆ ಮಾಡಿ ಮರದ ಮೇಲೆ ಒತ್ತಿದೆ. ಹಲಸಾದ್ರೆ ಹಳದಿ ಬಿಡ್ಬೇಕು. ಇದು ಬೆಳ್ಳಗೇ ಬಂತು. ಎಸೆದೆ."

"ಒಂದು ಸಲ ಕೂರಿಸಿ ನೋಡಬಹುದಿತ್ತಲ್ಲ ಟೀಚರೇ?"

"ಅಮ್ಮ ಹೋದ್ಮೇಲೆ ಅವಳ ದನಿ ಅಂತ ಉಳಿದಿರೋದು ಇದೊಂದ್ರಲ್ಲೇ ಆಚಾರ್ರೇ. ಯಾವ್ದೋ ಮರ ಇಟ್ಟು ಯಾರ್ದೋ ದನಿ ಬರ್ಸ್ಕೊಳ್ಲಾ?"

ಆ ಮಾತು ನನ್ನ ತಲೆಯಲ್ಲಿ ಕೂತಿತ್ತು. ಹಾಗಾಗಿ ಕೆಲವು ವಾರ ಕಳೆದು ನಮ್ಮ ವರ್ಕ್‌ಶಾಪಿಗೆ ಅಮೆರಿಕದಿಂದ ಒಂದು ದೊಡ್ಡ ಯಂತ್ರ ಬಂದಾಗ ನಾನು ಹಾರಿ ಬಿದ್ದೆ. ಯಂತ್ರ ನೋಡಿ ಅಲ್ಲ, ಅದು ಅಲುಗಾಡದಂತೆ ಅಡಿಗೆ ಕೊಟ್ಟಿದ್ದ ಮರದ ತುಂಡುಗಳನ್ನು ನೋಡಿ. ಮೇಲೆಲ್ಲ ಮಣ್ಣುಬಣ್ಣ. ಗರಗಸ ಹಾಕಿದರೆ ಒಳಗೆ ಅರಸಿನದ ಕೊಂಬು ಮುರಿದ ಹಾಗೆ.

"ಹಲಸು ಮಾರಾಯ್ರೇ!" ಎಂದು ಕೂಗಿದ ನಮ್ಮ ಕಾರ್ಕಳದ ಕ್ರೇನಿನವ. ನಾವು ನಾಲ್ಕಾರು ಕರಾವಳಿಯವರು ಮುತ್ತಿಕೊಂಡು ಮೂಸಿದ್ದೇ ಮೂಸಿದ್ದು. ಕೈಯಲ್ಲಿ ಹಿಡಿದಾಗ ಭಾರ ಜಾಸ್ತಿ ಅನಿಸಿತು. ಕಡಲು ದಾಟಿ ಬಂದದ್ದಲ್ಲವೇ, ನೀರು ಕುಡಿದಿರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡೆ. ಅಮೆರಿಕದಲ್ಲಿ ಹಲಸು ಎಲ್ಲಿಂದ ಬರಬೇಕು ಎಂದು ಒಬ್ಬನಿಗೂ ಹೊಳೆಯಲಿಲ್ಲ. ಊರಿನ ಬಣ್ಣ ಕಂಡಿತ್ತು, ಅಷ್ಟು ಸಾಕಾಗಿತ್ತು.

ಶುಕ್ರವಾರ ಒಂದು ತುಂಡನ್ನು ಟೀಚರ ಮುಂದಿಟ್ಟೆ. ಕಪ್ಪು ಗೀರಿನ ಬೆರಳು ಸವರಿತು. ಕರ್ಚೀಫು ಒದ್ದೆಯಾಯಿತು, ಮರದ ಮೇಲೆ ಕೂತಿತು, ಎದ್ದಿತು. ಎದ್ದಾಗ ಅದು ಮದುವೆ ಮನೆಯ ಅರಸಿನ ಒರೆಸಿದ ಬಟ್ಟೆಯಾಗಿತ್ತು.

"ಕಂಡ್ರಾ?" ಎಂದೆ ನಾನು ಗೆದ್ದವನಂತೆ.

ಅವರು ಕರ್ಚೀಫನ್ನು ಮಡಚಿದರು, ಬಿಡಿಸಿದರು. "ಇಷ್ಟೊಂದಾ? ಹಲಸು ಇಷ್ಟು ಧಾರಾಳಿ ಅಲ್ಲ ಆಚಾರ್ರೇ. ಕೇಳಿದ್ದಕ್ಕಿಂತ ಜಾಸ್ತಿ ಸಾಕ್ಷಿ ಹೇಳೋನ್ನ ನಾನು ನಂಬಲ್ಲ."

ಬಕೆಟ್ಟಿನಲ್ಲಿ ನೀರು ತರಿಸಿದರು. ತಗಡು ಬಿಚ್ಚಿದ ಹಳೆಯ ಕುದುರೆಯನ್ನು ಬಿಟ್ಟರು. ಅದು ಹಗುರಾಗಿ ತೇಲಿತು. ನನ್ನ ತುಂಡನ್ನು ಬಿಟ್ಟರು. ಅದು ಕುತ್ತಿಗೆವರೆಗೂ ಮುಳುಗಿ, ಮುಳುಗಲೋ ಬೇಡವೋ ಎಂಬಂತೆ ನಿಂತಿತು. ಆಮೇಲೆ ಅಡ್ಡ ಕೊಯ್ದ ಮೈಯನ್ನು ಬೆಳಕಿಗೆ ಹಿಡಿದು, "ಈ ಗೆರೆಗಳೇನು?" ಎಂದರು. ಆಗ ನಾನೂ ಕಣ್ಣು ಬಿಟ್ಟು ನೋಡಿದೆ. ಒಂದರ ಪಕ್ಕ ಒಂದು, ಸ್ಪಷ್ಟವಾದ ಉಂಗುರಗಳು. ಪ್ರತಿ ಉಂಗುರದ ಆರಂಭದಲ್ಲಿ ರಂಧ್ರಗಳ ಸಾಲು, ಆಮೇಲೆ ಗಟ್ಟಿ. ಹಲಸಿನಲ್ಲಿ ಹೀಗಿರುವುದಿಲ್ಲ, ಅದು ವರ್ಷವಿಡೀ ಒಂದೇ ಸಮನೆ ಬೆಳೆಯುವ ಮರ. ಇದು ಚಳಿಗಾಲದಲ್ಲಿ ಎಲೆ ಉದುರಿಸಿ ನಿಂತು, ವಸಂತಕ್ಕೆ ಮತ್ತೆ ಎದ್ದ ಮರ.

"ಹಲಸಲ್ಲ ಟೀಚರೇ" ಎಂದೆ.

"ಹಾಗಾದ್ರೆ ಯಾರಿದು? ಹೋಗಿ ಇದರ ಸಿಪಿಆರ್ ತನ್ನಿ."

ಯಂತ್ರ ಜೋಡಿಸಲು ಬಂದಿದ್ದ ಅಮೆರಿಕದ ಮೆಕ್ಯಾನಿಕ್ ಒಬ್ಬನಿದ್ದ, ಬಾಗಿಲು ತುಂಬುವಂಥ ಆಳು. ಅವನನ್ನು ಹುಡುಕಿಕೊಂಡು ಹೋಗುವ ಕೆಲಸವೇ ಬೀಳಲಿಲ್ಲ. ನಮ್ಮವರು ಆ ಮರದ ಚೂರುಗಳನ್ನು ಚಹಾದ ಒಲೆಗೆ ಹಾಕಿದ್ದರು. ಅದು ದೀಪಾವಳಿಯ ಹೂಕುಂಡದಂತೆ ಚಟಚಟ ಕಿಡಿ ಕಾರತೊಡಗಿತು. ಅವನೇ ಕೈ ಬೀಸುತ್ತ ಓಡಿ ಬಂದ. ಕಿಡಿ ಆರಿಸಿ, ತುಂಡನ್ನು ಕೈಗೆತ್ತಿಕೊಂಡು, ಬಹುಕಾಲದ ಮೇಲೆ ನೆಂಟನನ್ನು ಕಂಡವನಂತೆ ನಕ್ಕ. ಅವರ ಕಡೆ ಇದಕ್ಕೆ ಬೋಡಾರ್ಕ್ ಎನ್ನುತ್ತಾರಂತೆ, ಪುಸ್ತಕದ ಹೆಸರು ಓಸೇಜ್ ಆರೆಂಜ್. ಅವನ ಅಜ್ಜನ ಮನೆ ನಿಂತಿರುವುದೇ ಇದರ ಗುಜ್ಜುಗಂಬಗಳ ಮೇಲೆ, ಗೆದ್ದಲು ಮೂಸುವುದಿಲ್ಲ, ಬೇಲಿ ಕಂಬ ನೆಟ್ಟವನು ಹೋದರೂ ಕಂಬ ಹೋಗುವುದಿಲ್ಲ. ಅಲ್ಲಿನ ಮೂಲನಿವಾಸಿಗಳು ಇದರಲ್ಲಿ ಬಿಲ್ಲು ಮಾಡುತ್ತಿದ್ದರಂತೆ.

ಮುಂದಿನ ಶುಕ್ರವಾರ ವರದಿ ಒಪ್ಪಿಸಿದೆ. ಗಂಡಿನ ಕಡೆಯವರ ವಿಚಾರಣೆಗೆ ಕೂತ ಹಾಗೆ ಕೂತರು ಟೀಚರು.

"ಆರೆಂಜಾ? ಕಿತ್ತಳೆ ಮರದಲ್ಲಿ ಕುದುರೆ ಮಾಡ್ತೀರಾ?"

"ಕಿತ್ತಳೆ ಅಲ್ಲ ಟೀಚರೇ. ಹಣ್ಣು ದುಂಡಗೆ ಉಂಟಂತೆ, ಅದಕ್ಕೆ ಹಾಗೆ ಹೇಳುವುದಂತೆ. ಹಸಿರು, ಮೈಯೆಲ್ಲ ಸುಕ್ಕು. ಯಾರೂ ತಿನ್ನುವುದಿಲ್ಲವಂತೆ."

"ಹೆಸರಲ್ಲೇ ಸುಳ್ಳು. ಹಣ್ಣು ಕೊಯ್ದ್ರೆ?"

"ಹಾಲು ಬರ್ತದಂತೆ. ಮೇಣದ ಹಾಗೆ ಕೈಗೆ ಅಂಟುತ್ತದಂತೆ."

ಅವರ ಹುಬ್ಬು ಮೇಲೆದ್ದಿತು. "ಮುಳ್ಳು?"

"ಕೊಂಬೆಯಲ್ಲಿ ಉಂಟು."

"ಹಲಸಿಗೆ ಹಣ್ಣಿನ ಮೇಲೆ, ಇದಕ್ಕೆ ಕೊಂಬೆ ಮೇಲೆ. ಮೇಣ ಇದೆ, ಹಳದಿ ಇದೆ. ತಾಯಿ ಕಡೆಯಿಂದ ಏನೋ ಸಂಬಂಧ ಇದೆ ಅನ್ನಿ."

ಪೇಪರಿನ ಹಿಂದಿನಿಂದ ಯಜಮಾನರು, "ದೂರದ ಚಿಕ್ಕಪ್ಪನ ಮಗ ಇರ್ಬೇಕು ಕಣೆ, ಅಮೆರಿಕದಲ್ಲಿ ಸೆಟ್ಲ್ ಆಗಿರೋನು" ಎಂದರು.

"ನೀವು ಸುಮ್ನಿರಿ. ಆಚಾರ್ರೇ, ಬಿಲ್ಲು ಮಾಡ್ತಾರೆ ಅಂದ್ರಲ್ಲ, ಎಳೆದು ಬಿಟ್ರೆ ವಾಪಸ್ ನೆಟ್ಟಗಾಗುತ್ತಾ?"

"ಎಷ್ಟು ಸಲ ಬಗ್ಗಿಸಿದರೂ."

ತುಂಡನ್ನು ಇನ್ನೊಮ್ಮೆ ಸವರಿದರು. "ಸರಿ. ಮಾಡಿ. ಆದ್ರೆ ಇಲ್ಲೇ, ನನ್ನ ಕಣ್ಣೆದುರಿಗೆ."

ಯಜಮಾನರು ಆಮೇಲೆ ಎಲ್ಲೋ ಓದಿ ಬಂದು ಹೇಳಿದರು: ಹಲಸು, ಹಿಪ್ಪುನೇರಳೆ, ಈ ಓಸೇಜ್ ಆರೆಂಜ್ ಎಲ್ಲ ಒಂದೇ ಕುಟುಂಬವಂತೆ. ಟೀಚರು "ನಾನು ಆವತ್ತೇ ಹೇಳ್ಲಿಲ್ವಾ" ಎಂದರು.

ಅವರ ಬಾಲ್ಕನಿಯಲ್ಲಿ ಹಲವು ಶುಕ್ರವಾರ ಕೂತು ಆ ಕುದುರೆ ಮಾಡಿದೆ. ಉಳಿ ಇಟ್ಟರೆ ಉಳಿಯ ಬಾಯಿಯೇ ಮೊಂಡಾಗುವ ಮರ. ಒತ್ತಾಯಿಸಿದರೆ ಸಿಗಿಯುತ್ತದೆ, ಅರದಿಂದ ಪುಸಲಾಯಿಸಿದರೆ ಕನ್ನಡಿಯಂತೆ ನಯವಾಗುತ್ತದೆ. ಹಳದಿ ಹುಡಿ ಕೈಗೆ ಹಿಡಿದು ವಾರವಿಡೀ ಹೋಗುತ್ತಿರಲಿಲ್ಲ. ಮದುವೆ ಯಾರದ್ದು ಎಂದು ವರ್ಕ್‌ಶಾಪಿನಲ್ಲಿ ಕೇಳುತ್ತಿದ್ದರು. ಕೊನೆಗೆ ಮೇಲ್ಮೈಗೆ ಎಣ್ಣೆ, ಮೇಣ ಉಜ್ಜಿದೆ. ಅಡಿಯನ್ನು ಹಾಗೇ ಬಿಟ್ಟೆ. ಮರ ಮರವನ್ನು ಮುಟ್ಟುವಲ್ಲಿ ನಡುವೆ ಏನೂ ಇರಬಾರದು ಎನ್ನುತ್ತಿದ್ದರು ನನ್ನಜ್ಜ.

ತಂತಿ ಬಿಗಿದು, ಶ್ರುತಿ ಕೂಡಿಸಿ, ಟೀಚರು ಒಂದೇ ಒಂದು ಸ್ವರ ಮೀಟಿದರು. ಅದು ಮುಗಿಯಲು ಬಹಳ ಹೊತ್ತು ತೆಗೆದುಕೊಂಡಿತು.

"ಅಮ್ಮ ಗಂಟಲು ಸರಿ ಮಾಡ್ಕೊಂಡ ಹಾಗಿದೆ" ಎಂದರು. ಕೂಡಲೇ "ನೋಡೋಣ" ಎಂದೂ ಸೇರಿಸಿದರು.

ಬೇಸಿಗೆಗೆ ಅವರು ಊರಿಗೆ ಹೊರಟಾಗ ವೀಣೆ ನಮ್ಮ ಮನೆಗೆ ಬಂತು. ಬೀಗ ಹಾಕಿದ ಫ್ಲ್ಯಾಟಿನಲ್ಲಿ ಏಸಿ ಇಲ್ಲದಿದ್ದರೆ ವೀಣೆಯ ಮೆಟ್ಟಿಲುಗಳನ್ನು, ಅಂದರೆ ತಂತಿಯಡಿಯ ಲೋಹದ ಪಟ್ಟಿಗಳನ್ನು, ಹಿಡಿದಿರುವ ಮೇಣ ಕರಗಿ ಹೋಗುತ್ತದೆ. ಬೇರೆ ದಾರಿ ಇರಲಿಲ್ಲ, ಕೊಟ್ಟರು. ಮಗಳು ದಿನಾ ನುಡಿಸಲು ಅಪ್ಪಣೆಯಾಯಿತು. ನಡುಮನೆಯ ಕಿಟಕಿಯ ಬಳಿ ಚಾಪೆ ಹಾಸಿ ಅದನ್ನು ಮಗುವಿನಂತೆ ನೋಡಿಕೊಂಡೆವು.

ಟೀಚರು ವಾಪಸಾದ ಮೇಲೆ ವೀಣೆ ತಲುಪಿಸಿದೆ. ಬಟ್ಟೆ ತೆಗೆದರು. ಬೆರಳು ಕುದುರೆಯ ಮೇಲೆ ನಿಂತಿತು.

"ಇದು ಯಾವುದು?"

ನಾನೂ ಬಗ್ಗಿ ನೋಡಿದೆ. ಅರಸಿನದಂತಿದ್ದ ಮರ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ದಿನಾ ನೋಡುತ್ತಿದ್ದ ನಮಗೆ ಗೊತ್ತೇ ಆಗಿರಲಿಲ್ಲ.

"ಮರ ಬಣ್ಣ ತಿರುಗಿದ್ದು ಟೀಚರೇ. ಹಲಸೂ ತಿರುಗ್ತದಲ್ಲ?"

"ಹಲಸು ವರ್ಷಗಟ್ಟಲೆ ತಗೊಳ್ಳುತ್ತೆ. ಒಂದು ಬೇಸಿಗೆಗಾ?" ಕರ್ಚೀಫು ಒದ್ದೆಯಾಯಿತು, ಕುದುರೆಯ ಮೇಲೆ ಒತ್ತಿತು. ಎಣ್ಣೆ ಮೇಣ ಕುಡಿದ ಮೈ, ಬಟ್ಟೆ ಬೆಳ್ಳಗೇ ಎದ್ದಿತು. ಅದನ್ನು ನನ್ನ ಮುಖದೆದುರು ಹಿಡಿದರು. "ಏನ್ ಹೇಳ್ತೀರಿ?"

"ಬಿಚ್ಚಿ ಅಡಿ ನೋಡುವ."

"ಬಿಚ್ಚೋವಾಗ ಇನ್ನೇನು ಬದಲಾಗುತ್ತೋ. ಬೇಡ. ನೀವು ಇನ್ಮೇಲೆ ಬರೋದೂ ಬೇಡ."

ಕಾರಿನಲ್ಲಿ ಮಗಳು, "ಪಪ್ಪಾ, ಟೀಚರ್ ಸೀರಿಯಸ್ಸಾಗಿ ಹೇಳಿದ್ದಾ? ಕ್ಲಾಸ್ ಇಲ್ವಾ?" ಎಂದಳು. ಅನುಮಾನ ಅಂಟುರೋಗ. ಮನೆಗೆ ಯಾರು ಯಾರು ಬಂದಿದ್ದರು ಎಂದು ಹೆಂಡತಿಯನ್ನು ಕೇಳಿದೆ. "ನಿಮಗೆಂತ ಮರುಳಾ? ಕುದುರೆ ಕದಿಯುಕೆ ಯಾರ್ ಬತ್ರ್?" ಎಂದು ಬೈದಳು. ಕ್ರೇನಿನವ ಒಮ್ಮೆ ಊಟಕ್ಕೆ ಬಂದದ್ದು ನೆನಪಾಗಿ ಎರಡು ದಿನ ಅವನ ಮುಖವನ್ನೇ ನೋಡಿದೆ. ಶುಕ್ರವಾರಗಳು ಖಾಲಿಯಾದವು. ಮಗಳು ಚಾಪೆಯಿದ್ದ ಜಾಗದಲ್ಲಿ ಸುಮ್ಮನೆ ಬೆರಳಾಡಿಸುತ್ತ ಕೂರುವಳು.

ಚಳಿ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಫೋನು ಬಂತು. "ಆಚಾರ್ರೇ, ಬನ್ನಿ."

ಸರಪಳಿ ಇರಲಿಲ್ಲ, ಬಾಗಿಲು ತೆರೆದೇ ಇತ್ತು. ವೀಣೆಯ ತಂತಿಗಳು ಸಡಿಲವಾಗಿ ಬಿದ್ದಿದ್ದವು. ಟೀಚರ ಅಂಗೈಯಲ್ಲಿ ಕುದುರೆ ಬೋರಲಾಗಿ ಮಲಗಿತ್ತು. ಬೆಳಕು ಕಾಣದ ಅಡಿ ಇನ್ನೂ ಅರಸಿನ. ಪಕ್ಕದಲ್ಲಿ ಹಳದಿಯಾದ ಕರ್ಚೀಫು.

"ದಿನಾ ನುಡಿಸ್ತಿದ್ದೆ" ಎಂದರು, ನನ್ನ ಕಡೆ ನೋಡದೆ. "ಕಣ್ಣು ಬದಲಾಗಿದೆ ಅನ್ನುತ್ತೆ, ಕಿವಿ ಇಲ್ಲ ಅನ್ನುತ್ತೆ. ಅಮ್ಮನ ದನಿ ಅಲ್ಲೇ ಇದೆ. ಕೊನೆಗೆ ನನ್ನ ಕಣ್ಣಿನ ಮೇಲೇ ಅನುಮಾನ ಬಂತು." ಒಳಗೆ ಹೋಗಿ ಚಹಾ ತಂದಿಟ್ಟರು. "ಈ ಶುಕ್ರವಾರ ಮಗಳನ್ನ ಕರ್ಕೊಂಡ್ಬನ್ನಿ. ಲೇಟ್ ಮಾಡ್ಬೇಡಿ."

ಅಷ್ಟೇ. ಕ್ಷಮೆಯ ಮಾತು ಬರಲಿಲ್ಲ, ನಾನೂ ಕಾಯಲಿಲ್ಲ. ಮುಂದಿನ ವಾರ ಹೋದಾಗ ಆ ಮರದ ಉಳಿಕೆಯ ಚೂರೊಂದು ಅವರ ಕಿಟಕಿಯಲ್ಲಿತ್ತು. ಅರ್ಧಕ್ಕೆ ಕಪ್ಪು ಟೇಪು ಸುತ್ತಿ ಬಿಸಿಲಿಗೆ ಇಟ್ಟಿದ್ದರು. "ಕಣ್ಣಾರೆ ನೋಡಿದ್ರಲ್ಲ ಟೀಚರೇ?" ಎಂದೆ. "ಆದ್ರೂ" ಎಂದರು.

ಆ ಬೇಸಿಗೆಯ ನಂತರ ಪ್ರತಿ ವರ್ಷ ವೀಣೆ ನಮ್ಮ ಮನೆಗೇ ಬಂತು. ಕೊನೆಯ ವರ್ಷ ಅವರು ಕಾಯಿಲೆಯೆಂದು ಹೋದವರು ಮೈಸೂರಿನಲ್ಲೇ ಉಳಿದರು. ಯಜಮಾನರು ಫೋನು ಮಾಡಿ, ಹೋಗಿಬಿಟ್ಟರು ಎಂದಾಗ ನನ್ನ ಬಾಯಿಂದ ಬಂದದ್ದು, "ಸರಿಯಾಗಿ ನೋಡಿದ್ರಾ ಸಾರ್?" ಆ ಕಡೆ ಅವರು ಅಳುವುದನ್ನು ಬಿಟ್ಟು ಒಂದು ಕ್ಷಣ ನಕ್ಕರು. "ಅವಳೂ ಹೀಗೇ ಕೇಳ್ತಿದ್ಲು. ವೀಣೆ ಅಲ್ಲೇ ಇರ್ಲಿ ಆಚಾರ್ರೇ, ನಿಮ್ಮ ಮಗಳ ಹತ್ರ. ಅವಳೇ ಹೇಳಿ ಹೋಗಿದ್ದು."

ಕುದುರೆಯ ಮೇಲ್ಮೈ ಈಗ ಹಳೆಯ ಹಲಸಿನಷ್ಟೇ ಕಂದು, ನೋಡಿದವರು ಹಲಸೆಂದೇ ಹೇಳುತ್ತಾರೆ. ತಂತಿ ಬದಲಿಸುವಾಗಲೆಲ್ಲ ಮಗಳು ಅದನ್ನು ಬೋರಲು ಹಾಕಿ, ಬಿಳಿ ಕರ್ಚೀಫಿನ ತುದಿ ಒದ್ದೆ ಮಾಡಿ ಅಡಿಗೆ ಒತ್ತುತ್ತಾಳೆ. ಹಳದಿ ಬಂದ ಮೇಲೆಯೇ ಅವಳು ಹೊಸ ತಂತಿ ಬಿಗಿಯುವುದು.