ಮೂವತ್ತು ದಿನ ಕಳೆದ ಮೇಲೆ

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಜಾಹೀರಾತು ಚಿತ್ರೀಕರಿಸಲು ಬರುವವರಿಗೆ ಇಲ್ಲಿಯ ಕಲಾವಿದರನ್ನು ಒದಗಿಸುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ಮುನವಳ್ಳಿ ಹತ್ತಿರ ಪಶು ಆಹಾರದ ಜಾಹೀರಾತಿಗೆ ಒಬ್ಬ ಅಜ್ಜಿ ಬೇಕಾಗಿತ್ತು. ನಾವೆಲ್ಲ ಅಕ್ಕ ಎಂದೇ ಕರೆಯುವ ರಾಮದುರ್ಗದ ಹಿರಿಯ ನಟಿಯನ್ನು ಕರೆದೊಯ್ದೆ. ನಾಟಕ ಕಂಪನಿಗಳಲ್ಲಿ ಬಾಳು ಸವೆಸಿದ ಜೀವ. ಮೈಕಿಲ್ಲದೆಯೂ ಕಟ್ಟಕಡೆಯ ಸಾಲಿಗೆ ಮುಟ್ಟುತ್ತಿದ್ದ ದನಿ ಅವರದು. ಅಂದು ನಾಲ್ಕನೆಯ ಸಲ ಮಾತು ಒಪ್ಪಿಸುವಷ್ಟರಲ್ಲಿ ಅದು ಒಡೆಯಿತು.

ಮರಳಿ ಬರುವಾಗ ಕಾರಿನಲ್ಲಿ ಹೇಳಿದರು: "ಗಂಟಲದಾಗ ಗಂಟ ಆಗೇತಂತ ತಮ್ಮಾ. ಬೆಳಗಾವ್ಯಾಗ ಆಪರೇಷನ್ ಮಾಡಸಬೇಕು. ಈ ರೊಕ್ಕ ಬಂದ್ರ ತಾರೀಕು ಹಿಡೀತೇನಿ."

ಅಕ್ಕ ಕಲಾವಿದರ ಸಂಘದ ಸದಸ್ಯೆ. ಕೆಲಸ ಮುಗಿದ ಮೂವತ್ತು ದಿನದೊಳಗೆ ಸಂಭಾವನೆ ಕೊಡಬೇಕೆಂಬುದು ಸಂಘದ ನಿಯಮ. ತಪ್ಪಿದರೆ ಕಲಾವಿದರು ದೂರು ಬರೆದುಕೊಡಬೇಕು. ಸಂಘ ದಂಡಸಮೇತ ವಸೂಲಿ ಮಾಡುತ್ತದೆ, ಕೊಡುವವರೆಗೆ ಆ ನಿರ್ಮಾಪಕರಿಗೆ ಯಾವ ಸದಸ್ಯರೂ ಕೆಲಸ ಮಾಡುವುದಿಲ್ಲ.

ಮೂವತ್ತು ದಿನ ಆಯಿತು, ನಲವತ್ತೂ ಆಯಿತು. ನಿರ್ಮಾಪಕರು ಫೋನೆತ್ತಿದಾಗಲೆಲ್ಲ "ಈ ವಾರ ಆಗುತ್ತೆ ಸರ್" ಎನ್ನುತ್ತಿದ್ದರು. ಅಕ್ಕ ಬಸ್ಸು ಹಿಡಿದು ಬೈಲಹೊಂಗಲದ ನಮ್ಮ ಮನೆಗೇ ಬಂದರು.

"ಸಂಘಕ್ಕ ಬರದ ಕೊಡ್ಲೇನೋ?"

"ಇನ್ನೊಂದು ಎಂಟ ದಿನ ತಡೀರಿ ಅಕ್ಕಾರ. ದೂರು ಕೊಟ್ರ ಮುಂದ ನಿಮ್ಮನ್ನ ಯಾರೂ ಕರಿಯಂಗಿಲ್ಲ."

ನನಗಿದ್ದದ್ದು ನನ್ನದೇ ಚಿಂತೆ. ಅದೇ ನಿರ್ಮಾಪಕರು ಕಿತ್ತೂರಿನಲ್ಲಿ ಇನ್ನೊಂದು ದೊಡ್ಡ ಕೆಲಸ ಕೊಡುತ್ತೇನೆಂದಿದ್ದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಚಹಾ ಕೂಡ ಕುಡಿಯದೆ ಎದ್ದು ಹೋದರು. ಎಂಟು ದಿನ ಅಂದದ್ದು ತಿಂಗಳಾಯಿತು. ರೊಕ್ಕ ಬಂದೇ ಬರುತ್ತದೆಂದು ಅವರು ಹಿಡಿದಿದ್ದ ಆಪರೇಷನ್ನಿನ ತಾರೀಕು ಎರಡು ಸಲ ಮುಂದೆ ಹೋಯಿತು.

ಒಂದು ಮುಂಜಾನೆ ಅವರ ಫೋನು ಬಂತು. ಎತ್ತಿದರೆ ಬರೀ ಉಸಿರಿನ ಸದ್ದು.

"ಕೇಳಸವಲ್ದ್ರಿ ಅಕ್ಕಾರ, ಜೋರಾಗಿ ಮಾತಾಡ್ರಿ!" ಎಂದು ಎರಡು ಸಲ ಕೂಗಿದೆ. ನೆಟ್‌ವರ್ಕ್ ಇಲ್ಲವೆಂದುಕೊಂಡು ಇಟ್ಟುಬಿಟ್ಟೆ. ತುಸು ಹೊತ್ತಿನ ಮೇಲೆ ಹೊಳೆಯಿತು, ಅವರು ಮಾತಾಡುತ್ತಲೇ ಇದ್ದರು.

ಬೈಕು ಹತ್ತಿ ರಾಮದುರ್ಗಕ್ಕೆ ಓಡಿದೆ. ಅಕ್ಕ ಬಾಯಿ ತೆರೆದರು, ದನಿ ಬರಲಿಲ್ಲ. ಮೊಮ್ಮಗಳ ಪಾಟಿಯ ಮೇಲೆ ಬರೆದು ತೋರಿಸಿದರು: "ಇನ್ನ ತಡಿ ಅನಬ್ಯಾಡ."

ಅಲ್ಲೇ ಕುಳಿತು ದೂರು ಬರೆದೆ. ಅವರು ಸಹಿ ಹಾಕಿದರು, ಸಾಕ್ಷಿಯಾಗಿ ನಾನೂ ಹಾಕಿದೆ. ಸಂಘದ ಕಾರ್ಯದರ್ಶಿ ಫೋನಿನಲ್ಲಿ ಕೇಳಿದ್ದು ಒಂದೇ: "ಮೂವತ್ತೊಂದನೇ ದಿನವೇ ಕೊಡಬೇಕಿತ್ತಲ್ರೀ, ಇಷ್ಟು ದಿನ ಏನು ಮಾಡ್ತಿದ್ರಿ?"

ನಾಲ್ಕೇ ದಿನದಲ್ಲಿ ದಂಡಸಮೇತ ಹಣ ಬಂತು. ಅಷ್ಟು ಸುಲಭವಿತ್ತು ಎಂಬುದೇ ನನ್ನನ್ನು ಹೆಚ್ಚು ಕೊಂದಿತು. ಆಪರೇಷನ್ನಾಯಿತು, ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಗಂಟು ಬಹಳ ಬೆಳೆದುಬಿಟ್ಟಿತ್ತು. "ಮೊದಲಿನ ದನಿ ಬರೋದು ಕಷ್ಟ" ಎಂದರು ಡಾಕ್ಟರು. ಉಳಿದದ್ದು ಪಿಸುಮಾತು ಮಾತ್ರ.

ಅಕ್ಕ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತೇನೋ. ಈಗಲೂ ಮಾತಿಲ್ಲದ ಪಾತ್ರವಿದ್ದರೆ ಕರೆದೊಯ್ಯುತ್ತೇನೆ. ಬೇರೆಯವರು ಮಾತು ಒಪ್ಪಿಸುವಾಗ ಅವರ ತುಟಿಯೂ ಜೊತೆಗೆ ಅಲುಗುತ್ತದೆ. ನಾನು ಆ ಕಡೆ ನೋಡುವುದಿಲ್ಲ.