ದೊಡ್ಡಪ್ಪ ಕುಡಿದಿರಲಿಲ್ಲ

ನಮ್ಮ ದೊಡ್ಡಪ್ಪ ಜೀವಮಾನದಲ್ಲಿ ಕುಡಿದದ್ದು ನೀರು, ಟೀ, ಕೆಮ್ಮಿನ ಔಷಧಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಒಂದು ವರ್ಷ ಎಲ್ಲರೂ ಅವರನ್ನು ಕುಡುಕ ಎಂದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ದೊಡ್ಡ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಅವರು ಪಾರ್ಕಿಂಗ್ ನೋಡಿಕೊಳ್ಳುತ್ತಿದ್ದರು. ಸೀಟಿ ಊದುತ್ತ, "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ" ಎನ್ನುತ್ತ ಕಾರುಗಳನ್ನು ಕಂಬಗಳ ನಡುವೆ ನಿಲ್ಲಿಸುವ ಕೆಲಸ. ಒಂದು ದಿನ ಸೀಟಿ ಬಾಯಲ್ಲಿರುವಾಗಲೇ ಕುಸಿದು ಬಿದ್ದರು. ಡ್ರೈವರ್ ಒಬ್ಬ ಓಡಿಬಂದು, ಕಾಲರಿನ ಗುಂಡಿ ಬಿಚ್ಚಿ, ಮುಖಕ್ಕೆ ನೀರು ಚಿಮುಕಿಸಿದ. ಎದ್ದು ಕೂತರು. ನೀರಿನಿಂದಲೇ ಎಚ್ಚರವಾಯಿತೆಂದು ಎಲ್ಲರೂ ಅಂದುಕೊಂಡರು. ಆಮೇಲೆ ಇದು ಮತ್ತೆ ಮತ್ತೆ ಆಗತೊಡಗಿತು.

ಸೂಪರ್‌ವೈಸರ್‌ಗೆ ದೊಡ್ಡಪ್ಪನ ಅರ್ಧ ವಯಸ್ಸು. ಮಾತು ಮಾತ್ರ ಏಕವಚನದಲ್ಲಿ.

"ಬೆಳಿಗ್ಗೆನೇ ಏರಿಸ್ಕೊಂಡು ಬಂದಿದೀಯಾ? ಇನ್ನೊಂದ್ ಸಲ ಬಿದ್ರೆ ಕೆಲಸ ಇಲ್ಲ. ಮೊದ್ಲು ಆ ಗುಂಡಿ ಹಾಕ್ಕೋ."

ಆಸ್ಪತ್ರೆಗೆ ಹೋಗುವಾಗೆಲ್ಲ ದೊಡ್ಡಮ್ಮ ಅವರಿಗೆ ಒಗೆದು ಇಸ್ತ್ರಿ ಮಾಡಿದ ಸಡಿಲ ಅಂಗಿ ಹಾಕಿಸುತ್ತಿದ್ದರು. ಅಲ್ಲಿ ರಕ್ತ ತೆಗೆದರು, ತಲೆಯ ಸ್ಕ್ಯಾನ್ ಮಾಡಿದರು, ಏನೂ ಇಲ್ಲ ಎಂದರು. ಆ "ಏನೂ ಇಲ್ಲ" ಎಂಬುದೇ ಕುಡಿತಕ್ಕೆ ಸಾಕ್ಷಿಯಾಯಿತು ನೋಡಿ! ಕೊನೆಗೆ ಒಡಹುಟ್ಟಿದ ನಮ್ಮಪ್ಪನೇ, "ಸ್ವಲ್ಪ ಕಮ್ಮಿ ಮಾಡಣ್ಣ" ಎಂದುಬಿಟ್ಟ. ದೊಡ್ಡಪ್ಪ ಅರ್ಧ ಊಟಕ್ಕೇ ಎದ್ದು ಹೋದರು.

ಹೊಸದಾಗಿ ಬಂದ ಡಾಕ್ಟರಮ್ಮ ಮಾತ್ರ ಕೂರಿಸಿಕೊಂಡು ಕೇಳಿದರು.

"ಬೀಳೋ ಮುಂಚೆ ಏನ್ ಮಾಡ್ತಿದ್ರಿ?"

"ಕಾರ್ ಹಿಂದಕ್ಕೆ ಬರ್ತಿತ್ತು. ತಿರುಗಿ ನೋಡ್ದೆ. ಪ್ರತಿ ಸಲಾನೂ ಹಂಗೇ."

"ಮನೇಲಿ ತಿರುಗಿ ನೋಡಿದ್ರೆ ಬೀಳಲ್ವಾ?"

"ಮನೇಲಿ ನಾನು ಕರೆದ್ರೂ ತಿರುಗಿ ನೋಡಲ್ಲ ಡಾಕ್ಟ್ರೇ" ಎಂದರು ದೊಡ್ಡಮ್ಮ.

ಡಾಕ್ಟರಮ್ಮ ನಕ್ಕು, "ನಾಳೆ ಡ್ಯೂಟಿ ಬಟ್ಟೇಲೇ ಬನ್ನಿ" ಎಂದರು.

ಅಂಗಡಿಯವರು ಕೊಟ್ಟಿದ್ದ ಆ ಡ್ಯೂಟಿ ಅಂಗಿ ಕೆಲಸ ಬಿಟ್ಟುಹೋದ ಯಾರೋ ಸಣಕಲನದು. ಕಾಲರು ಕತ್ತನ್ನು ಹಿಸುಕುತ್ತಿತ್ತು. ಡಾಕ್ಟರಮ್ಮ ದೊಡ್ಡಪ್ಪನನ್ನು ಮಲಗಿಸಿ, ಎದೆಗೆ ವೈರು ಅಂಟಿಸಿ, ಕತ್ತು ತಿರುಗಿಸಲು ಹೇಳಿದರು. ಮಿಷನ್ನಿನ ಮೇಲೆ ಕುಣಿಯುತ್ತಿದ್ದ ಗೆರೆ ನೆಟ್ಟಗಾಯಿತು, ದೊಡ್ಡಪ್ಪನ ಕಣ್ಣು ಮೇಲಕ್ಕೆ ಹೋಯಿತು. ಡಾಕ್ಟರಮ್ಮ ತಟ್ಟನೆ ಕಾಲರಿನ ಗುಂಡಿ ಬಿಚ್ಚಿದರು. ಗೆರೆ ಮತ್ತೆ ಕುಣಿಯತೊಡಗಿತು.

"ಕತ್ತಿನ ಪಕ್ಕ ಒಂದು ಸೂಕ್ಷ್ಮ ಜಾಗ ಇದೆ. ವಯಸ್ಸಾದ ಕೆಲವ್ರಿಗೆ ಅದನ್ನ ಒತ್ತಿದ್ರೆ ಎದೆಬಡಿತ ಕೆಲವು ಕ್ಷಣ ನಿಂತುಬಿಡುತ್ತೆ, ಪ್ರಜ್ಞೆ ತಪ್ಪುತ್ತೆ. ಈ ಕಾಲರ್ ಅದನ್ನೇ ಒತ್ತಿರೋದು. ದೊಡ್ಡ ಅಂಗಿ ಕೇಳ್ಲಿಲ್ವಾ?"

"ಕೇಳ್ದೆ ತಾಯಿ. ಹೊಟ್ಟೆ ಕರಗಿಸು ಅಂದ್ರು."

ಕೇಳಿ ನನಗೆ ಅಳು ಬರಲಿಲ್ಲ, ಆ ಸೂಪರ್‌ವೈಸರ್‌ನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಮರುದಿನ ನಾನೂ ಜೊತೆಗೆ ಹೋದೆ. ವಿಷಯ ಕೇಳಿ ಅವನು ಹಲ್ಲು ಕಿರಿದ. ಹಿಂದಿನ ಬೀರುವಿನಿಂದಲೇ ದೊಡ್ಡ ಅಂಗಿಯೊಂದನ್ನು ಎಳೆದು ಮೇಜಿನ ಮೇಲೆ ಎಸೆದ. ಇಷ್ಟು ದಿನವೂ ಅದು ಅಲ್ಲೇ ಬಿದ್ದಿತ್ತು.

"ತಗೋ. ಎಲ್ಲ ಸರಿಹೋಯ್ತಲ್ಲ?"

ದೊಡ್ಡಪ್ಪ ಹಳೆಯ ಅಂಗಿ ಕಳಚಿದರು. ಹೊಸದನ್ನು ಮುಟ್ಟಲಿಲ್ಲ. ಬನಿಯನ್ನಿನಲ್ಲೇ ನಿಂತರು. ಒಳಗೆ ಬಿಡುವವರಿಲ್ಲದೆ ಹೊರಗೆ ಕಾರುಗಳು ಹಾರ್ನ್ ಹೊಡೆಯತೊಡಗಿದವು. ಡ್ರೈವರುಗಳು ಇಳಿದು ಬಂದರು.

"ನಾನು ಕುಡಿದಿರ್ಲಿಲ್ಲ ಅಂತ ಇವ್ರ ಮುಂದೆ ಹೇಳಿ. ಆಮೇಲೆ ಹಾಕ್ಕೋತೀನಿ."

ಸೂಪರ್‌ವೈಸರ್ ಆ ಕಡೆ ನೋಡಿದ, ಈ ಕಡೆ ನೋಡಿದ. ಹಾರ್ನ್ ಜೋರಾಯಿತು.

"ಕುಡಿದಿರ್ಲಿಲ್ಲ" ಎಂದು ಗೊಣಗಿದ.

"ಹಿಂದೆ ನಿಂತಿರೋರಿಗೆ ಕೇಳಿಸ್ಲಿಲ್ಲ" ಎಂದರು ದೊಡ್ಡಪ್ಪ.