ಅಕ್ಕಿಯಿಲ್ಲದ ಬಾತು

ಬೆಂಗಳೂರಿನವರಿಗೆ ಒಂದು ಚಟ. ಎದುರಿಗಿರೋರು ಇಲ್ಲೇ ಹುಟ್ಟಿ, ಇಲ್ಲೇ ತಲೆ ನೆರೆಸಿಕೊಂಡಿದ್ದರೂ ಸರಿಯೇ, "ಅದಿರ್ಲಿ, ನಿಮ್ಮ ಸ್ವಂತ ಊರು ಯಾವುದು?" ಅಂತ ಕೇಳದಿದ್ದರೆ ತಿಂದ ಅನ್ನ ಅರಗೋದಿಲ್ಲ. ಅನ್ನಪೂರ್ಣೇಶ್ವರಿ ನಗರದಲ್ಲಿ ನಾಲ್ಕನೇ ಕ್ಲಾಸಿಗೆ ಪಾಠ ಹೇಳುವ ಪ್ರಭಾ ಮಿಸ್ಸೂ ಇದಕ್ಕೆ ಹೊರತಲ್ಲ. ತಿಂಡಿತೀರ್ಥ ಎಲ್ಲೆಲ್ಲಿಂದ ಬಂತು ಅನ್ನುವ ಪಾಠ ಶುರುಮಾಡಿ, "ನಾಳೆ ಎಲ್ಲರೂ ನಿಮ್ಮ ನಿಮ್ಮ ಊರಿನ ತಿಂಡಿ ತನ್ನಿ" ಅಂದುಬಿಟ್ಟರು.

ಮಾರನೇ ದಿನ ಕ್ಲಾಸೆಲ್ಲ ಘಮಘಮ. ಆತ್ರೇಯ ಶಿರಸಿಯ ತೊಡೆದೇವು ತಂದಿದ್ದ, ಅಪೂರ್ವಳ ಡಬ್ಬಿಯಲ್ಲಿ ಮದ್ದೂರು ವಡೆ. ಅನು ಒಬ್ಬಳೇ ಬರಿಗೈಯಲ್ಲಿ ಎದ್ದು ನಿಂತಳು.

"ನಮಗೆ ಊರಿಲ್ಲ ಮಿಸ್."

ಮಕ್ಕಳು ಗೊಳ್ಳೆಂದು ನಕ್ಕವು. ಪ್ರಭಾ ಅವಳನ್ನು ಆಚೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು. ಅಪ್ಪ ಅಮ್ಮ ಜಾತಿ ಬಿಟ್ಟು ಮದುವೆಯಾದವರು. ಅಪ್ಪನ ಊರಲ್ಲೂ ಸೇರಿಸಲ್ಲ, ಅಮ್ಮನ ಊರಲ್ಲೂ ಸೇರಿಸಲ್ಲ. "ಹಬ್ಬ ಬಂದ್ರೆ ಅಮ್ಮ, ನಮಗೆ ಯಾವೂರೂ ಇಲ್ಲ ಕಣೇ ಅಂತ ಅಳ್ತಾಳೆ ಮಿಸ್." ಪ್ರಭಾ ಅವಳ ತಲೆ ನೇವರಿಸಿದರು. ಅಯ್ಯೋ ಶಿವನೇ, ಪಾಠ ಮಾಡಕ್ಕೆ ಹೋಗಿ ಇದೇನು ಮಾಡಿಟ್ಟೆ!

ಶನಿವಾರ ಸ್ಕೂಲು ಬಿಟ್ಟ ಮೇಲೆ ಮಕ್ಕಳನ್ನೆಲ್ಲ ಪಕ್ಕದ ರಸ್ತೆಯ ದರ್ಶಿನಿಗೆ ಕರೆದುಕೊಂಡು ಹೋದರು. ಮೊದಲಿಂದಲೂ ಅವರು ಹಾಗೇ, ತಟ್ಟೆ ಮುಂದೆ ನಿಂತರೆ ಇರುವ ಲೋಕ ಮರೆತು ಇನ್ನೆಲ್ಲೋ ತೇಲಿಬಿಡೋರು. ಸ್ಟಾಫ್ ರೂಮಿನಲ್ಲಿ ಅದೇ ದೊಡ್ಡ ತಮಾಷೆ. ಅವತ್ತು ಮಕ್ಕಳನ್ನೂ ಜೊತೆಗೆ ತೇಲಿಸಿಕೊಂಡು ಹೋದರು. ಇಡ್ಲಿಯ ಹಬೆ ಮೇಲೇರಿ ಗಾಜು ಮಂಜಾಗಿತ್ತು, ಆಚೆಯ ಆಟೋಗಳೆಲ್ಲ ಕರಗಿಹೋಗಿದ್ದವು. ದೋಸೆಯ ಆಲೂಗಡ್ಡೆ, ಚಟ್ನಿಯ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಸಮುದ್ರ ದಾಟಿ ಬಂದವು ಅಂತ ಅವರು ಹೇಳುತ್ತಿದ್ದರೆ, ಆ ಮಂಜಿನೊಳಗೆ ಹಾಯಿಗಳು ನಿಧಾನಕ್ಕೆ ತೂಗಾಡಿದವು. ಕಾಫಿ ಅರಬ್ಬರ ಕಡೆಯದು ಅಂದಾಗ ಮರಳ ಮೇಲೆ ಒಂಟೆಗಳು ಸಾಲಾಗಿ ನಡೆದವು. ಮಕ್ಕಳು ಚಮಚ ಬಾಯಲ್ಲಿಟ್ಟುಕೊಂಡೇ ಮೈಮರೆತಿದ್ದವು.

"ಬಾತ್ ಅನ್ನೋದು ಮರಾಠಿ ಮಾತು," ಅಂದರು ಪ್ರಭಾ. "ಹಾಗಂದ್ರೆ ಅನ್ನ."

ಅನು ತನ್ನ ತಟ್ಟೆಯ ಖಾರಾಬಾತನ್ನು ಕೆದಕಿ ಕೆದಕಿ ನೋಡಿದಳು. "ಇದ್ರಲ್ಲಿ ಅನ್ನಾನೇ ಇಲ್ಲ ಮಿಸ್. ಬರೀ ರವೆ."

ಇಷ್ಟು ವರ್ಷ ದಿನಾ ಬೆಳಗ್ಗೆ ಬಾತ್ ತಿಂದರೂ ಇದು ಪ್ರಭಾಗೆ ಹೊಳೆದಿರಲಿಲ್ಲ. ಅವರಿಗೂ ನಗು ಬಂತು. "ಹೌದಲ್ವೇನೇ! ಹೆಸರು ಅಲ್ಲಿಂದ ಬಂತು, ಅಕ್ಕಿ ಬರಲಿಲ್ಲ. ಯಾಕೆ ಅಂತ ನಂಗೂ ಗೊತ್ತಿಲ್ಲ ಕಣೇ."

"ಮತ್ತೆ ಅದು ವಾಪಸ್ ಹೋದ್ರೆ?"

"ಅಲ್ಲಿಯವರು ಇದನ್ನ ಬಾತ್ ಅಂತ ಒಪ್ಪಲ್ಲ. ಅನ್ನ ಎಲ್ಲಿ ಅಂತಾರೆ."

"ಸೇರಿಸಲ್ವಾ?" ಅನು ತಲೆ ಎತ್ತಿದಳು.

ಪ್ರಭಾಗೆ ಆಗ ಅರ್ಥವಾಯಿತು. ಅವಳು ಕೇಳುತ್ತಿರುವುದು ತಿಂಡಿಯ ವಿಷಯವೇ ಅಲ್ಲ. ಕಣ್ಣು ಮಂಜಾಯಿತು, ಹಬೆಯಿಂದಲ್ಲ. ಬಗ್ಗಿ ಅವಳ ಹೆಗಲ ಮೇಲೆ ಕೈಯಿಟ್ಟರು. "ಸೇರಿಸದಿದ್ರೆ ಬಿಡಲಿ. ಇಲ್ಲಿ ಬೆಳಗಾದ್ರೆ ಅದಿಲ್ಲದೆ ಯಾರಿಗೂ ನಡೆಯಲ್ಲ ಪುಟ್ಟಿ. ಎಲ್ಲಿ ತನಗಾಗಿ ಕಾಯೋರಿದ್ದಾರೋ ಅದೇ ಅದರ ಊರು."

ಅನು ಅರ್ಧ ತಿಂದ ತಟ್ಟೆಯನ್ನು ಜೋಪಾನವಾಗಿ ಮುಂದಕ್ಕೆ ಸರಿಸಿದಳು.

"ಮಿಸ್, ಇದನ್ನ ಪಾರ್ಸಲ್ ಮಾಡಿಸ್ಕೊಡ್ತೀರಾ?"

"ಯಾಕೇ, ಹೊಟ್ಟೆ ತುಂಬ್ತಾ?"

"ಇಲ್ಲ. ಅಮ್ಮಂಗೆ. ಊರು ಸಿಕ್ತು ಅಂತ ಹೇಳ್ಬೇಕು."